ಪಕ್ಕದ ಸೀಟಿನ ದೀಪ

ನಾನು ಇಪ್ಪತ್ತಾರು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬಂದವನು. ನಮ್ಮೂರಿನ ಎಷ್ಟು ಮಂದಿ ದೊಡ್ಡ ಮನುಷ್ಯರು ಮೂರನೆಯ ಮಹಡಿಗೂ ನಾಲ್ಕನೆಯ ಮಹಡಿಗೂ ನಡುವೆ ತ್ರಿಶಂಕುಗಳಾಗಿ ನಿಂತು, ಟೈ ಸಡಿಲಿಸಿಕೊಂಡು, ನನ್ನ ಹೆಸರನ್ನು ಜಪ ಮಾಡಿದ್ದಾರೆ ಎಂದು ಹೇಳುತ್ತಾ ಹೋದರೆ ಈ ಬರಹಕ್ಕೆ ಜಾಗ ಸಾಲದು. ಹನ್ನೆರಡು ಮಹಡಿ ಹತ್ತಿ ಇಳಿಯುವ ಯಂತ್ರದ ನರನಾಡಿ ಬಲ್ಲ ನಾನು, ನೆಲದ ಮೇಲೆ ಓಡುವ ಒಂದು ಪುಟ್ಟ ಕಾರಿನ ಒಂದು ಪುಟ್ಟ ದೀಪವನ್ನು ಆರಿಸಲು ಇನ್ನೊಬ್ಬರ ಬಾಗಿಲು ತಟ್ಟುವುದೆ? "ಪ್ರಾಣ ಹೋದ್ರೂ ಇಲ್ಲ" ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಹೇಳಿದೆ. ಪ್ರಾಣ ಅದೇ ವಾರ ಹೋಗುವುದರಲ್ಲಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ಅದರ ಸರದಿ ಬಂದಾಗ ಹೇಳುತ್ತೇನೆ.

ಮೊದಲು ದೀಪದ ವಿಷಯ. ಈಚೆಗೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನಮ್ಮ ಕಾರಿನಲ್ಲಿ, ರೇಡಿಯೋದ ಮೇಲ್ಗಡೆ, ಕಿತ್ತಳೆ ಬಣ್ಣದ ಒಂದು ದೀಪ ಇದೆ. ಡ್ರೈವರ್ ಪಕ್ಕದ ಸೀಟು ಖಾಲಿ ಇದ್ದಾಗ ಅದು ಹತ್ತಿರುತ್ತದೆ. "ಇಲ್ಲಿ ಯಾರೂ ಇಲ್ಲ, ಆದ್ದರಿಂದ ಈ ಕಡೆಯ ಏರ್‌ಬ್ಯಾಗ್ ನಿದ್ದೆ ಮಾಡುತ್ತಿದೆ" ಎಂದು ಅದರ ಅರ್ಥ. ಯಾರಾದರೂ ಬಂದು ಕೂತರೆ, ಸೀಟಿನ ಹೊಟ್ಟೆಯೊಳಗಿರುವ ಚಾಪೆಯಂಥ ಸೆನ್ಸರ್ ಅವರ ತೂಕ ನೋಡಿ ಸುದ್ದಿ ಕಳಿಸುತ್ತದೆ. ದೀಪ ಆರುತ್ತದೆ, ಏರ್‌ಬ್ಯಾಗ್ ಎದ್ದು ಕೂರುತ್ತದೆ. ಇದು ಕ್ರಮ. ನಮ್ಮ ಕಾರಿನಲ್ಲಿ ಏನಾಗತೊಡಗಿತೆಂದರೆ, ಹೆಂಡತಿ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡು ಹೋಗುತ್ತಿರುವಾಗಲೇ ದಾರಿಯಲ್ಲಿ ಎಲ್ಲೋ ಒಂದು ಕಡೆ ದೀಪ ಫಕ್ಕನೆ ಹತ್ತಿಕೊಳ್ಳುತ್ತಿತ್ತು.

"ನಾನು ಕೂತಿದೀನಿ ತಾನೆ?" ಎಂದಳು ಮೊದಲ ದಿನ.

"ಕೂತಿದೀಯ."

"ಮತ್ತೆ ಕಾರಿಗೆ ನಾನ್ಯಾಕೆ ಕಾಣಿಸ್ತಿಲ್ಲ? ನಿಮ್ಮ ಜೊತೆ ಇದ್ದೂ ಇದ್ದೂ ಅದಕ್ಕೂ ನಿಮ್ಮ ಬುದ್ಧಿ ಬಂತಾ?"

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿತ್ತು. ಅವಳ ಮನೆ ಇಲ್ಲಿಂದ ಆರು ಗಂಟೆಯ ದಾರಿ. ಮುಂದಿನ ಭಾನುವಾರ ನಾವು ಮೂವರೂ ಹೊರಟು ಅಲ್ಲಿ ಬೀಡು ಬಿಡುವುದೆಂದು ನಿಶ್ಚಯವಾಗಿತ್ತು. ಮೂವರೆಂದರೆ ನಾನು, ಹೆಂಡತಿ, ಮತ್ತು ಇಪ್ಪತ್ತು ವರ್ಷದಿಂದ ನಮ್ಮ ಜೊತೆಗೇ ಇರುವ ಅತ್ತೆ. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮೊಮ್ಮಗುವಿಗೆಂದು ನಾನೇ ಕೈಯಾರೆ ಮಾಡಿದ ತೊಟ್ಟಿಲು. ತೊಟ್ಟಿಲನ್ನು ಲಿಫ್ಟಿನ ಭದ್ರತೆಯ ಲೆಕ್ಕದಲ್ಲಿ ಮಾಡಿದ್ದರಿಂದ ಅದು ಮಡಚುವುದಿಲ್ಲ, ಆನೆಮರಿ ಮಲಗಿದರೂ ಮುರಿಯುವುದಿಲ್ಲ. ಹಾಗಾಗಿ ಹೆಂಡತಿಗೆ ಉಳಿದದ್ದು ಮುಂದಿನ ಸೀಟು ಮಾತ್ರ.

"ನೋಡಿ, ಡಿಕ್ಕಿ ಆದ್ರೆ ನಿಮ್ಮ ಕಡೆ ಬಲೂನ್ ಬರುತ್ತೆ, ನನ್ನ ಕಡೆ ದೀಪ ಬರುತ್ತೆ" ಎಂದಳು. "ನಾನು ಮೊಮ್ಮಗುವಿನ ಮುಖ ನೋಡೋಕೆ ಹೊರಟಿರೋಳು. ಶನಿವಾರದೊಳಗೆ ದೀಪ ಸರಿಹೋಗದಿದ್ರೆ ನಾನು, ಅಮ್ಮ ಬಸ್ಸಲ್ಲಿ ಹೋಗ್ತೀವಿ. ನೀವು ಹಿಂದಿನಿಂದ ತೊಟ್ಟಿಲು ತಗೊಂಡು ಬನ್ನಿ."

ಟಿಕೆಟನ್ನೂ ತೆಗೆಸಿಬಿಟ್ಟಳು. ಮಗಳ ಮನೆಯ ಮುಂದೆ ಹೆಂಡತಿ ಬಸ್ಸಿನಿಂದಲೂ ನಾನು ಸಾಮಾನು ಗಾಡಿಯಿಂದಲೂ ಇಳಿಯುವ ದೃಶ್ಯವನ್ನು ನೆನೆಸಿಕೊಂಡು ನನಗೆ ಊಟ ರುಚಿಸಲಿಲ್ಲ. ಅಳಿಯ ಏನೂ ಕೇಳುವವನಲ್ಲ. ಆ ಕೇಳದಿರುವಿಕೆಯನ್ನು ತಡೆದುಕೊಳ್ಳುವುದು ಕಷ್ಟ.

ನಮ್ಮ ಕಸುಬಿನಲ್ಲಿ ನನ್ನ ಮೇಸ್ತ್ರಿ ಕಲಿಸಿದ ಮೊದಲ ಪಾಠ ಒಂದಿದೆ: ಒಳಗಿದ್ದವರನ್ನು ಏನೂ ಕೇಳಬೇಡ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು "ಏನಾಯ್ತು?" ಎಂದು ಕೇಳಿದರೆ ಒಬ್ಬರು ಧಡ್ ಅಂತು ಎನ್ನುತ್ತಾರೆ, ಇನ್ನೊಬ್ಬರು ಬೆಂಕಿ ವಾಸನೆ ಎನ್ನುತ್ತಾರೆ, ಮೂರನೆಯವರು ಸತ್ತ ಅಜ್ಜಿಯನ್ನು ಕಂಡಿರುತ್ತಾರೆ. ತಂತಿಯನ್ನು ಕೇಳು, ತಂತಿ ಸುಳ್ಳು ಹೇಳುವುದಿಲ್ಲ. ಈ ಸೂತ್ರವನ್ನು ಹಿಡಿದೇ ನಾನು ಇಷ್ಟು ವರ್ಷ ಬಾಳಿದ್ದೇನೆ. ಆದ್ದರಿಂದ ಹೆಂಡತಿ, "ರೀ, ಅದು ಯಾವಾಗ ಹತ್ತುತ್ತೆ ಅಂತ ನಾನು ಗಮನಿಸಿದೀನಿ, ಆ ಹಾಲಿನಂಗಡಿ ಹತ್ರ..." ಎಂದು ಶುರು ಮಾಡಿದಾಗ ಕೈ ಎತ್ತಿ ತಡೆದೆ.

"ನೀನು ಪ್ರಯಾಣಿಕಳು. ಪ್ರಯಾಣಿಕರ ಹೇಳಿಕೆ ಲೆಕ್ಕಕ್ಕಿಲ್ಲ."

"ಸರಿ" ಎಂದಳು. ಅವಳು ಒಂದಕ್ಷರವೂ ಹೆಚ್ಚು ಬಳಸದೆ ಸರಿ ಎಂದಾಗ ನಾನು ಹುಷಾರಾಗಬೇಕು. ಆದರೆ ಆಗಲಿಲ್ಲ.

ಸೋಮವಾರ ಸಂಜೆ ಮನೆ ಮುಂದೆ ಕಾರು ನಿಲ್ಲಿಸಿ ಪರೀಕ್ಷೆ ಆರಂಭಿಸಿದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಕೂತವರು, ತೂಕ, ಸಮಯ, ಫಲಿತಾಂಶ ಎಂದು ಕಾಲಂ ಹಾಕಿದೆ. ಹೆಂಡತಿ ಅದನ್ನು ನೋಡಿ ಪೆನ್ನು ಇಸಿದುಕೊಂಡು ಎರಡನೆಯ ಕಾಲಮನ್ನು ಹೊಡೆದುಹಾಕಿದಳು. ನಂತರ ಕೂತಳು. ದೀಪ ಆರಿತು. ಹತ್ತು ನಿಮಿಷ ಕೂರಿಸಿದೆ, ಆರಿಯೇ ಇತ್ತು. ಅತ್ತೆಯನ್ನು ಕೂರಿಸಿದೆ, ದೀಪ ಆರಿತು. ಅತ್ತೆ ಕಾಲು ಗಂಟೆ ಕೂತು, "ಎಲ್ಲಿಗಾದ್ರೂ ಹೋಗೋದಿದ್ರೆ ಹೋಗೋಣಪ್ಪ, ಸುಮ್ನೆ ಯಾಕೆ ಕೂರಿಸಿದೀಯ" ಎಂದರು. ಕೊನೆಗೆ ನಾನು ಕೂತೆ. ಆಗಲೂ ಆರಿತು.

ನಿಂತ ಕಾರಿನಲ್ಲಿ ದೋಷ ಇಲ್ಲ, ಓಡುವ ಕಾರಿನಲ್ಲಿ ಇದೆ. ಹಾಗಿದ್ದರೆ ಏನು? ಅಲುಗಾಟ! ಎಲ್ಲೋ ಒಂದು ತಂತಿಯ ಜೋಡಣೆ ಸಡಿಲವಾಗಿದೆ, ಕಾರು ಕುಲುಕಿದಾಗ ಬಿಟ್ಟುಕೊಳ್ಳುತ್ತಿದೆ. ಇದನ್ನು ನಾನು ಊಟದ ಮೇಜಿನಲ್ಲಿ ಘೋಷಿಸಿದಾಗ ನನಗೇ ನನ್ನ ಮೇಲೆ ಗೌರವ ಬಂತು.

ಮಂಗಳವಾರ ಓಡಿಸಿ ನೋಡಬೇಕಿತ್ತು. ಆದರೆ ಹೆಂಡತಿ ಮುಂದಿನ ಸೀಟಿಗೆ ಬರಲು ಒಪ್ಪಲಿಲ್ಲ. ಅವಳ ಬದಲಿಗೆ ಇಪ್ಪತ್ತೈದು ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನ್‌ಗಳಿಗೆ ನೀರು ತುಂಬಿ, ಸೀಟಿನ ಮೇಲಿಟ್ಟು, ಬೆಲ್ಟ್ ಬಿಗಿದೆ. ಹೆಂಡತಿ ಕಿಟಕಿಯಿಂದ ಬಗ್ಗಿ ನೋಡಿದಳು.

"ಇದು ನಾನಾ?"

"ಒಂದು ಅಂದಾಜು."

"ಇನ್ನೊಂದು ಬಿಂದಿಗೆ ಹಾಕಿ. ವಿಜ್ಞಾನದಲ್ಲಿ ಸುಳ್ಳು ಯಾಕೆ?"

ಕ್ಯಾನ್‌ಗಳ ಬಾಯಿತನಕ ತುಂಬಿಸಿ ಹೊರಟೆ. ನಾವು ದಿನಾ ಹೋಗುವ ದಾರಿಯಲ್ಲಿ, ನಾನು ದಿನಾ ಹೋಗುವ ವೇಗದಲ್ಲಿ. ಹಾಲಿನಂಗಡಿಯ ತಿರುವು ದಾಟಿತು, ದೀಪ ಹತ್ತಲಿಲ್ಲ. ಒಂದು ಲಾರಿಯನ್ನು ಹಿಂದಿಕ್ಕಿದೆ, ಹತ್ತಲಿಲ್ಲ. ಬೇಕೆಂದೇ ಗುಂಡಿಗಳ ಮೇಲೆ ಹತ್ತಿಸಿ ಇಳಿಸಿದೆ. ದೀಪ ನನ್ನನ್ನು ಗುರಾಯಿಸಿಕೊಂಡು ಕತ್ತಲಾಗಿಯೇ ಕೂತಿತ್ತು. ಅಲುಗಾಟದ ಸಿದ್ಧಾಂತಕ್ಕೆ ಇದರಿಂದ ಪೆಟ್ಟು ಬೀಳಬೇಕಿತ್ತು. ನಾನು ಬೀಳಗೊಡಲಿಲ್ಲ. ನೀರು ಅಲುಗಾಟವನ್ನು ಹೀರಿಕೊಳ್ಳುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನುಷ್ಯ ಒಮ್ಮೆ ಒಂದು ಸಿದ್ಧಾಂತಕ್ಕೆ ತಂದೆಯಾದ ಮೇಲೆ ಅದನ್ನು ಸಾಕಲೇಬೇಕು.

ವಾಪಸ್ ಬರುವಾಗ ಶಾಲೆಯ ಮೂಲೆಯಲ್ಲಿ ಒಂದು ತಿರುವು ಸ್ವಲ್ಪ ಜೋರಾಯಿತು. ಎಡಗಡೆಯ ಕ್ಯಾನಿನ ಮುಚ್ಚಳ ಹಾರಿ ಗಾಜಿಗೆ ಬಡಿಯಿತು. ನಾನು ಬ್ರೇಕ್ ಒತ್ತಿದೆ. ಬ್ರೇಕ್ ಒತ್ತಿದ್ದಕ್ಕೆ ಬಲಗಡೆಯದ್ದೂ ಬಾಯಿ ಬಿಟ್ಟಿತು. ಮನೆ ತಲುಪುವ ಹೊತ್ತಿಗೆ ಅರ್ಧ ನೀರು ಸೀಟು ಕುಡಿದಿತ್ತು, ಉಳಿದರ್ಧ ನನ್ನ ಚಪ್ಪಲಿಯಲ್ಲಿತ್ತು. ಈಗ ದೀಪ ಹತ್ತಿತು. ಹತ್ತಿದ್ದು ಯಾರು ಕೂತರೂ ಆರಲಿಲ್ಲ.

"ಮೊದಲು ಆಗಾಗ ಹತ್ತಿಕೊಳ್ತಿತ್ತು" ಎಂದಳು ಹೆಂಡತಿ, ಬಟ್ಟೆ ಹಿಂಡಿ ಕೊಡುತ್ತಾ. "ಈಗ ಯಾವಾಗಲೂ ಹತ್ತಿರುತ್ತೆ. ಒಂದು ರೀತಿ ನೋಡಿದ್ರೆ ಸುಧಾರಿಸಿದೆ. ಗೊಂದಲ ಇಲ್ಲ."

ಬುಧವಾರ ಸೀಟನ್ನೇ ಬಿಚ್ಚಿದೆ. ನಾಲ್ಕು ಬೋಲ್ಟು, ಅಡಿಯಲ್ಲಿ ಒಂದು ಹಳದಿ ಪ್ಲಗ್ಗು. ಪ್ಲಗ್ಗಿನ ಮೇಲೆ ಒಂದು ಎಚ್ಚರಿಕೆಯ ಚೀಟಿ ಅಂಟಿಸಿದ್ದರು. ನಾನು ಇಪ್ಪತ್ತಾರು ವರ್ಷ ಎಚ್ಚರಿಕೆಯ ಚೀಟಿಗಳನ್ನು ಅಂಟಿಸಿದವನೇ ಹೊರತು ಓದಿದವನಲ್ಲ. ರೇಡಿಯೋದಲ್ಲಿ ಹಾಡು ಬರುತ್ತಿತ್ತು, ಅಂದರೆ ಕಾರಿನಲ್ಲಿ ಕರೆಂಟ್ ಇತ್ತು. ಆ ಸ್ಥಿತಿಯಲ್ಲೇ ಪ್ಲಗ್ಗನ್ನು ಎಳೆದೆ. ತಕ್ಷಣ ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ದೀಪ ಹತ್ತಿತು. ಇದು ಕೆಂಪು. ಅದರಲ್ಲಿ ಒಬ್ಬ ಮನುಷ್ಯ ದೊಡ್ಡದೊಂದು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವ ಚಿತ್ರ. ಇಡೀ ಏರ್‌ಬ್ಯಾಗ್ ವ್ಯವಸ್ಥೆಯೇ ಕೆಟ್ಟಿದೆ ಎಂದು ಅದರ ಅರ್ಥ. ಮುಂಚೆ ಹೆಂಡತಿಗೆ ಮಾತ್ರ ರಕ್ಷಣೆ ಇರಲಿಲ್ಲ, ಈಗ ನನಗೂ ಇಲ್ಲ. ಸಂಸಾರದಲ್ಲಿ ಸಮಾನತೆ ಬಂತು ಎಂದುಕೊಂಡೆ.

ಒದ್ದೆ ಸೀಟನ್ನು ಹಾಲಿಗೆ ಹೊತ್ತು ತಂದು ಫ್ಯಾನಿನ ಕೆಳಗೆ ಇಟ್ಟೆ. ಒಂದು ಮಣೆಯ ಮೇಲೆ, ಟಿವಿಗೆ ಎದುರಾಗಿ. ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೊಂದು ಟವೆಲ್ ಹೊದಿಸಿ, ಕೂತುಬಿಟ್ಟಿದ್ದರು. ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ ವಾಲುತ್ತದೆ ಎಂಬುದನ್ನೂ ಕಂಡುಹಿಡಿದುಕೊಂಡಿದ್ದರು.

"ಅತ್ತೆ, ಅದು ಒಣಗಬೇಕು."

"ನನ್ನ ಶಾಖಕ್ಕೆ ಬೇಗ ಒಣಗುತ್ತೆ. ಇಪ್ಪತ್ತು ವರ್ಷದಿಂದ ಈ ಮನೇಲಿದೀನಿ, ಬೆನ್ನಿಗೆ ಆಸರೆ ಕೊಡೋ ಕುರ್ಚಿ ಇವತ್ತು ಸಿಕ್ತು. ಇದನ್ನ ಮತ್ತೆ ಆ ಕಾರಿಗೆ ಯಾಕಪ್ಪ ಹಾಕ್ತೀಯ?"

ನಾನು ವಾದ ಮಾಡಲಿಲ್ಲ. ನನ್ನ ಮುಂದೆ ದೊಡ್ಡ ಕೆಲಸ ಇತ್ತು. ಗುರುವಾರ ನನ್ನ ಮೀಟರನ್ನು ಹೊರಗೆ ತೆಗೆದೆ. ಅದು ಸಾಮಾನ್ಯ ಮೀಟರಲ್ಲ. ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಕೈಗೆ ಕೊಟ್ಟದ್ದು, ಮುಳ್ಳು ಓಡುವ ಹಳೆಯ ಕಾಲದ್ದು. ತಂತಿಯ ಎರಡು ತುದಿಗೆ ಅದರ ಕಡ್ಡಿಗಳನ್ನು ಮುಟ್ಟಿಸಿದರೆ, ತಂತಿ ಸರಿ ಇದ್ದಲ್ಲಿ ಮುಳ್ಳು ಬಲಕ್ಕೆ ಹಾರುತ್ತದೆ. ಕಡಿದಿದ್ದರೆ ಮಲಗಿರುತ್ತದೆ. ಸೀಟಿನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಮೊದಲ ತಂತಿ ನೋಡಿದೆ. ಮುಳ್ಳು ಮಲಗಿತ್ತು. ಎರಡನೆಯದು, ಮಲಗಿತ್ತು. ಹಳದಿ ತಂತಿಯನ್ನು ಹಿಂಬಾಲಿಸಿ ಡ್ಯಾಶ್‌ಬೋರ್ಡಿನ ಒಳಕ್ಕೇ ತಲೆ ತೂರಿಸಿ, ಏರ್‌ಬ್ಯಾಗಿನ ಬುಡಕ್ಕೇ ಕಡ್ಡಿ ಮುಟ್ಟಿಸಿದೆ. ಮುಳ್ಳು ಅಲ್ಲಾಡಲಿಲ್ಲ. ಹದಿನಾಲ್ಕು ತಂತಿ ನೋಡಿದೆ, ಹದಿನಾಲ್ಕೂ ಕಡಿದುಹೋಗಿದ್ದವು.

ಹದಿನಾಲ್ಕು ತಂತಿ ತಾವಾಗಿಯೇ ಕಡಿಯುತ್ತವೆಯೆ? ಕಾರಿನಲ್ಲಿ ಇಲಿ ಇದೆ ಎಂದು ನಿರ್ಧರಿಸಿದೆ.

"ಕಾರಲ್ಲಿ ಇಲಿನಾ?" ಎಂದಳು ಹೆಂಡತಿ.

"ಒಂದಲ್ಲ, ಕುಟುಂಬವೇ ಇರಬೇಕು."

"ಹದಿನಾಲ್ಕು ವೈರ್ ತಿಂದ ಇಲಿಗಳು ಹೆಡ್‌ಲೈಟ್ ವೈರ್ ಒಂದನ್ನೂ ಮುಟ್ಟಿಲ್ವಾ? ಭಾರಿ ನಿಯತ್ತಿನ ಇಲಿಗಳು."

ಬೋನು ತಂದೆ, ಬ್ರೆಡ್ಡಿನ ತುಂಡಿಟ್ಟೆ, ರಾತ್ರಿಯೆಲ್ಲಾ ಕಾರಿನ ಬಾಗಿಲು ಹಾಕಿಟ್ಟೆ. ಬೆಳಿಗ್ಗೆ ಬೋನು ಮುಚ್ಚಿತ್ತು. ಒಳಗೆ ಸಿಕ್ಕಿದ್ದು ಸೀಟ್ ಬೆಲ್ಟಿನ ತುದಿ. ಬೆಟ್ಟ ಅಗೆದು ಇಲಿ ಹಿಡಿದವರ ಮಾತು ಕೇಳಿದ್ದೇನೆ. ನಾನು ಬೆಟ್ಟವನ್ನೂ ಅಗೆದೆ, ನನಗೆ ಇಲಿಯೂ ದಕ್ಕಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಎರಡು ಚೀಲ ಬಾಗಿಲ ಬಳಿ ತಂದಿಟ್ಟಳು. ಅವು ಬಸ್ಸಿನ ಚೀಲಗಳೆಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ಹಾಲಿನಲ್ಲಿ ನಿಂತು ಒಮ್ಮೆ ಸೀಟಿನಲ್ಲಿದ್ದ ಅತ್ತೆಯನ್ನೂ ಒಮ್ಮೆ ಸೀಟಿಲ್ಲದ ಕಾರನ್ನೂ ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಅಳು ಬರುವ ಹಾಗಿತ್ತು. ತೊಟ್ಟಿಲು ಮಾಡುವಾಗ ಪ್ರತಿ ಮೊಳೆ ಹೊಡೆಯುವಾಗಲೂ ನಾನು ಕಲ್ಪಿಸಿಕೊಂಡದ್ದು ಒಂದೇ: ನಾವಿಬ್ಬರೂ ಒಟ್ಟಿಗೆ ಕಾರಿನಿಂದಿಳಿದು ಆ ತೊಟ್ಟಿಲನ್ನು ಆ ಕಡೆ ಈ ಕಡೆ ಹಿಡಿದು ಮಗಳ ಮನೆಯ ಮೆಟ್ಟಿಲು ಹತ್ತುವುದು.

ನನ್ನ ಮುಖ ನೋಡಿದಳೋ ಏನೋ. "ಫ್ಯೂಸಮ್ಮನ್ನ ಕರೀಲಾ?" ಎಂದಳು.

ಫ್ಯೂಸಮ್ಮ ಎಂದರೆ ನಮ್ಮ ಬಡಾವಣೆಯ ಕಾರ್ ಎಲೆಕ್ಟ್ರಿಷಿಯನ್. ತಂದೆ ತಾಯಿ ಇಟ್ಟ ಹೆಸರು ಅವರಿಗೇ ಮರೆತಿರಬೇಕು. ನಲವತ್ತರ ಆಸುಪಾಸಿನ ಹೆಂಗಸು, ಸ್ಕೂಟರಿನಲ್ಲಿ ಒಂದು ಚಿಕ್ಕ ಚೀಲದೊಂದಿಗೆ ಬರುತ್ತಾರೆ, ಅವಸರ ಎಂಬುದೇ ಗೊತ್ತಿಲ್ಲ. ನಾನು ತಲೆ ಅಲ್ಲಾಡಿಸಿದೆ. ಹೂಂ ಎಂದೋ ಊಹೂಂ ಎಂದೋ ನನಗೇ ಸ್ಪಷ್ಟವಿರಲಿಲ್ಲ. ಹೆಂಡತಿ ಹೂಂ ಎಂದೇ ತೆಗೆದುಕೊಂಡಳು.

ಫ್ಯೂಸಮ್ಮ ಬಂದು ನನ್ನ ವಾರದ ಸಾಹಸವನ್ನೆಲ್ಲಾ ನಿಂತುಕೊಂಡೇ ಕೇಳಿದರು. ಇಲಿಯ ಘಟ್ಟ ಬಂದಾಗ ಮಾತ್ರ ಕೂತರು.

"ಆ ಮೀಟರ್ ಸ್ವಲ್ಪ ಕೊಡ್ತೀರಾ?"

ಕೊಟ್ಟೆ. ಅವರು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರು. ಯಾವ ತಂತಿ ನೋಡುವ ಮುನ್ನವೂ ಮೀಟರ್ ಬದುಕಿದೆಯೇ ಎಂದು ಹೀಗೆ ನೋಡಬೇಕು. ಇದು ನಾನು ಹೊಸಬರಿಗೆ ಮೊದಲ ದಿನ ಮೊದಲ ಗಂಟೆಯಲ್ಲಿ ಕಲಿಸುವ ಪಾಠ. ಮುಳ್ಳು ಅಲ್ಲಾಡಲಿಲ್ಲ. ಫ್ಯೂಸಮ್ಮ ಮೀಟರನ್ನು ಮಗುಚಿ, ಹಿಂದಿನ ಮುಚ್ಚಳ ತೆಗೆದು, ನನ್ನ ಕಡೆ ತಿರುಗಿಸಿ ಹಿಡಿದರು. ಒಳಗೆ ಸೆಲ್ಲುಗಳೇ ಇರಲಿಲ್ಲ.

ಕಾರಿನ ಸೀಟಿನಲ್ಲಿ ಒರಗಿದ್ದ ಅತ್ತೆ ರಿಮೋಟ್ ಒತ್ತಿ ಟಿವಿಯ ಚಾನೆಲ್ ಬದಲಾಯಿಸಿದರು.

"ಹೋದ ತಿಂಗಳು ರಿಮೋಟಿಗೆ ಹಾಕಿದ್ದೆ" ಎಂದಳು ಹೆಂಡತಿ ಮೆಲ್ಲಗೆ. "ಹೇಳೋದು ಮರೆತೆ."

ಅವಳ ಮೇಲೆ ರೇಗಲು ಇಡೀ ವಾರದಲ್ಲಿ ಸಿಕ್ಕ ಒಂದೇ ಒಂದು ಅವಕಾಶ ಇದು. ಬಾಯಿ ತೆರೆದೆ. ಅಷ್ಟರಲ್ಲಿ ಫ್ಯೂಸಮ್ಮ ಅಡ್ಡ ಬಂದರು.

"ಮರೆತಿದ್ದು ಪುಣ್ಯ ಅಮ್ಮ. ಆ ಹಳದಿ ವೈರಿಗೆ ಸೆಲ್ ಇರೋ ಮೀಟರ್ ಮುಟ್ಟಿಸಿದ್ರೆ ಆ ಚೂರು ಕರೆಂಟಿಗೇ ಏರ್‌ಬ್ಯಾಗ್ ಸಿಡಿದುಬಿಡಬಹುದು. ಚೀಟೀಲಿ ಬರೆದಿರೋದೇ ಅದು. ಸಾರ್, ನೀವು ಮುಟ್ಟಿಸುವಾಗ ತಲೆ ಎಲ್ಲಿತ್ತು?"

ತಲೆ ಡ್ಯಾಶ್‌ಬೋರ್ಡಿನೊಳಗೆ, ಏರ್‌ಬ್ಯಾಗಿನ ಬುಡದಲ್ಲೇ ಇತ್ತು. ನೆನಪಾದ ಕೂಡಲೇ ಬಸ್ಸಿನ ಚೀಲದ ಮೇಲೆಯೇ ಕೂತೆ. ಹೆಂಡತಿ ಒಂದು ಲೋಟ ನೀರು ತಂದು ಕೊಟ್ಟಳು. ಆಮೇಲೆ ನನ್ನ ಮೀಟರನ್ನು ಎತ್ತಿಕೊಂಡು ಹೋಗಿ ಎಲ್ಲೋ ಇಟ್ಟಳು. ಎಲ್ಲಿ ಎಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ.

ಅತ್ತೆಯನ್ನು ಎಬ್ಬಿಸಲು ಅರ್ಧ ಗಂಟೆ ಬೇಕಾಯಿತು. ಸೀಟು ಚೆನ್ನಾಗಿ ಒಣಗಿತ್ತು, ಅವರ ಶಾಖದ ಮಾತು ಸುಳ್ಳಾಗಲಿಲ್ಲ. ಫ್ಯೂಸಮ್ಮ ಬ್ಯಾಟರಿಯ ತಂತಿ ಬಿಡಿಸಿ, ಸ್ವಲ್ಪ ಹೊತ್ತು ಕಾದು, ಸೀಟು ಕೂರಿಸಿ, ಪ್ಲಗ್ ಸೇರಿಸಿದರು. ಅಂಗೈ ಅಗಲದ ಒಂದು ಯಂತ್ರವನ್ನು ಕಾರಿಗೆ ಜೋಡಿಸಿ ಅದರ ನೆನಪಿನಲ್ಲಿದ್ದ ದೋಷಗಳನ್ನು ಓದಿದರು.

"ಎರಡು ದೋಷ ಇದೆ. ಒಂದು, ಕರೆಂಟ್ ಇರುವಾಗ ಪ್ಲಗ್ ಕಿತ್ತಿದ್ದು. ಇನ್ನೊಂದು, ಸೆನ್ಸರಿಗೆ ನೀರು ಹೋಗಿದ್ದು."

"ಅದಕ್ಕೆ ಮೊದಲಿಂದು?"

"ಮೊದಲಿಂದು ಯಾವುದೂ ಇಲ್ಲ. ಇರೋದೆಲ್ಲ ಈ ವಾರದ್ದು, ನಿಮ್ಮದೇ."

ಎರಡನ್ನೂ ಅಳಿಸಿದರು. ಕೆಂಪು ದೀಪ ಆರಿತು. ಹೆಂಡತಿಯನ್ನು ಕೂರಿಸಿದರು, ಕಿತ್ತಳೆ ದೀಪವೂ ಆರಿತು. ಅಂದರೆ ನಾವು ಸರಿಯಾಗಿ ಕಳೆದ ಸೋಮವಾರಕ್ಕೆ ಬಂದು ನಿಂತಿದ್ದೆವು. ಆಗ ಫ್ಯೂಸಮ್ಮ ನನ್ನ ಮೇಸ್ತ್ರಿಯ ಇಡೀ ಪರಂಪರೆಗೆ ಅವಮಾನವಾಗುವಂಥ ಕೆಲಸ ಮಾಡಿದರು. ಒಳಗಿದ್ದವರನ್ನು ಕೇಳಿದರು.

"ಅಮ್ಮ, ಕೂತಿದ್ದೋರು ನೀವು. ಇದು ಯಾವಾಗ ಹತ್ತುತ್ತೆ?"

ಹೆಂಡತಿ ಒಂದು ವಾರದಿಂದ ತಡೆದಿಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು. "ಹಾಲಿನಂಗಡಿ ತಿರುವಲ್ಲಿ. ಲಾರಿ ಹಿಂದೆ ಹಾಕುವಾಗ. ಸಿಗ್ನಲ್ಲಲ್ಲಿ ಹಳದಿ ಬಿದ್ದಾಗ. ಇವರಿಗೆ ಫೋನ್ ಬಂದಾಗ."

"ಆ ಜಾಗದಲ್ಲೆಲ್ಲ ರಸ್ತೆ ಕೆಟ್ಟಿದೆ" ಎಂದೆ ನಾನು.

"ಫೋನ್ ಬರೋ ಜಾಗದಲ್ಲೂನಾ?" ಎಂದರು ಫ್ಯೂಸಮ್ಮ. "ಬನ್ನಿ, ಒಂದು ಸುತ್ತು ಹೋಗೋಣ. ಮೊದಲು ನಾನು ಓಡಿಸ್ತೀನಿ."

ಅವರು ಓಡಿಸಿದರು, ಹೆಂಡತಿ ಪಕ್ಕದಲ್ಲಿ, ನಾನು ಹಿಂದೆ. ಹಾಲಿನಂಗಡಿ, ಶಾಲೆಯ ಮೂಲೆ, ಸಿಗ್ನಲ್ಲು ಎಲ್ಲ ಆಯಿತು. ಇಬ್ಬರೂ ಮೊಣಕಾಲು ನೋವಿನ ಮಾತ್ರೆಗಳ ಬಗ್ಗೆ ಮಾತಾಡಿಕೊಂಡರು. ದೀಪ ಒಮ್ಮೆಯೂ ಹತ್ತಲಿಲ್ಲ. ಕಾರು ನಿಲ್ಲಿಸಿ, "ಈಗ ನೀವು ಓಡಿಸಿ ಸಾರ್, ಯಾವಾಗಲೂ ಓಡಿಸೋ ಹಾಗೇ" ಎಂದು ಅವರು ಹಿಂದಕ್ಕೆ ಬಂದರು.

ನಾನು ಯಾವಾಗಲೂ ಓಡಿಸುವ ಹಾಗೇ ಓಡಿಸಿದೆ. ಹಾಲಿನಂಗಡಿಯ ತಿರುವಿನಲ್ಲಿ ದೀಪ ಫಕ್ಕನೆ ಹತ್ತಿತು.

"ನೋಡಿದ್ರಾ?" ಎಂದು ಕೂಗಿದೆ. ದೋಷ ಕಣ್ಣೆದುರು ಸಿಕ್ಕಿಬಿದ್ದಿದ್ದಕ್ಕೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ನೋಡಿದೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ. ಅಮ್ಮ, ನೀವು ಅಲ್ಲಾಡಬೇಡಿ, ಈಗ ಹೇಗಿದೀರೋ ಹಾಗೇ ಇರಿ. ಸಾರ್, ಈಗ ತಿರುಗಿ ನಿಮ್ಮ ಹೆಂಡತೀನ ನೋಡಿ."

ನೋಡಿದೆ. ಅವಳ ಎಡಗೈ ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಬಲಗೈ ಸೀಟಿನ ಅಂಚನ್ನು ಒತ್ತಿತ್ತು. ಎರಡು ಕಾಲುಗಳೂ, ಅವಳ ಕಡೆ ಬ್ರೇಕ್ ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿ, ನೆಲವನ್ನು ತುಳಿದು ನಿಂತಿದ್ದವು. ಬೆನ್ನು ಹಿಂದಕ್ಕೆ ಆತುಕೊಂಡು ಮೇಲಕ್ಕೆ ಸರಿದಿತ್ತು. ಫ್ಯೂಸಮ್ಮ ಹಿಂದಿನಿಂದ ಬಗ್ಗಿ, ಸೀಟಿಗೂ ಅವಳಿಗೂ ನಡುವೆ ಅಂಗೈ ತೂರಿಸಿದರು. ಅಂಗೈ ಸಲೀಸಾಗಿ ಆ ಕಡೆಯಿಂದ ಈ ಕಡೆಗೆ ಬಂತು.

"ಸೆನ್ಸರ್ ಸರಿಯಾಗಿದೆ" ಎಂದರು. "ಈ ಸೀಟಲ್ಲಿ ಯಾರೂ ಕೂತಿಲ್ಲ."

ಹೆಂಡತಿಗೇ ಆಶ್ಚರ್ಯವಾಯಿತು. ತನ್ನ ಕೈಕಾಲುಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡಳು. "ನಾನು ಯಾವಾಗಲೂ ಹೀಗೇ ಅಲ್ವಾ ಕೂರೋದು?"

"ಯಾವಾಗಿಂದ?" ಎಂದೆ.

"ಮದುವೆ ಆದಾಗಿಂದ. ಸ್ಕೂಟರಲ್ಲೂ ಹೀಗೇ. ಮೊದಲಿನ ಕಾರಲ್ಲಿ ದೀಪ ಇರಲಿಲ್ಲ, ಅದಕ್ಕೆ ಯಾರಿಗೂ ಗೊತ್ತಾಗಲಿಲ್ಲ."

ಇಪ್ಪತ್ತೇಳು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದಾಳೆ ಎಂದು ನಾನು ತಿಳಿದುಕೊಂಡಿದ್ದವಳು ಇಪ್ಪತ್ತೇಳು ವರ್ಷವೂ ಅರ್ಧ ನಿಂತೇ ಪ್ರಯಾಣ ಮಾಡಿದ್ದಳು. ನನಗೆ ನಾಚಿಕೆಯಾಯಿತು. ಇದು ತಮಾಷೆಗೆ ಹೇಳುತ್ತಿರುವ ಮಾತಲ್ಲ, ನಿಜವಾಗಿಯೂ ನಾಚಿಕೆಯಾಯಿತು. ಆದರೂ ಅಭ್ಯಾಸಬಲದಿಂದ ಬಾಯಿ ಸುಮ್ಮನಿರಲಿಲ್ಲ.

"ಹಾಗಾದ್ರೆ ಯಾವ ಪಾರ್ಟ್ ಬದಲಾಯಿಸಬೇಕು?"

ಫ್ಯೂಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಡ್ರೈವರ್ ಸೀಟಿನ ಮೇಲಿರೋದು. ಆದ್ರೆ ತುಂಬಾ ಹಳೇ ಮಾಡೆಲ್, ಬಿಡಿಭಾಗ ಸಿಗಲ್ಲ. ಇರೋದನ್ನೇ ಸ್ವಲ್ಪ ನಿಧಾನವಾಗಿ ಓಡಿಸಿ."

ಮನೆಗೆ ಬಂದು ವಿಷಯ ತಿಳಿಸಿದಾಗ ಅತ್ತೆ ಬರೀ ಮಣೆಯ ಮೇಲೆ ಕೂತಿದ್ದರು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದರು. "ಅವಳು ಬಾಯಲ್ಲಿ ಅಂದು ಸುಮ್ಮನಾದ್ಲು. ನಮ್ಮ ಅಳಿಯ ನೆಲಾನೇ ಕಿತ್ತು ತಂದು ಹಾಲಲ್ಲಿಟ್ಟ."

ಭಾನುವಾರ ಬೆಳಿಗ್ಗೆ ಹೊರಟೆವು. ಹಿಂದೆ ಅತ್ತೆ, ತೊಟ್ಟಿಲು. ಮುಂದೆ ಹೆಂಡತಿ. ಬಸ್ಸಿನ ಟಿಕೆಟನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

"ಆ ಬಸ್ಸು ನಮ್ಮ ದಾರೀಲೇ, ನಮ್ಮ ಹಿಂದೇನೇ ಬರುತ್ತೆ" ಎಂದಳು. "ಮೂರು ಸಲ ದೀಪ ಹತ್ತಿದ್ರೆ ಮುಂದಿನ ನಿಲ್ದಾಣದಲ್ಲಿ ಇಳ್ಕೊಂಡು ಬಸ್ ಹತ್ತುತೀವಿ."

ಇಪ್ಪತ್ತೇಳು ವರ್ಷ "ನಿಧಾನ, ನಿಧಾನ" ಎಂದು ಬಾಯಿ ನೋಯಿಸಿಕೊಂಡವಳಿಗೆ ಇನ್ನು ಮಾತಾಡುವ ಅಗತ್ಯವೇ ಇರಲಿಲ್ಲ. ಅವಳ ಜೀವ ಎಷ್ಟು ಮೇಲೆದ್ದಿದೆ ಎಂದು ಕಾರೇ ತೋರಿಸುತ್ತಿತ್ತು. ಊರ ಹೊರಗಿನ ವೃತ್ತದಲ್ಲಿ ಒಮ್ಮೆ ಹತ್ತಿತು. ಸೇತುವೆಯ ಇಳಿಜಾರಿನಲ್ಲಿ ಎರಡನೆಯ ಸಲ. ಅವಳು ಬಾಯಿ ಬಿಡದೆ ಎರಡು ಬೆರಳೆತ್ತಿ ತೋರಿಸಿದಳು. ಆಮೇಲೆ ನಾನು ಲಿಫ್ಟಿನ ಹಾಗೆ ಓಡಿಸಿದೆ: ಹೊರಟದ್ದು ಗೊತ್ತಾಗಬಾರದು, ನಿಂತದ್ದೂ ಗೊತ್ತಾಗಬಾರದು. ಒಂದು ಹೊಗೆ ಉಗುಳುವ ಲಾರಿ ಹನ್ನೆರಡು ಕಿಲೋಮೀಟರ್ ನಮ್ಮ ಮುಂದೆ ತೆವಳಿತು. ಬಲಗಾಲು ತುರಿಸುತ್ತಿತ್ತು. ನಾನು ಹಿಂದಿಕ್ಕಲಿಲ್ಲ. ಅಷ್ಟು ಹೊತ್ತಿಗೆ ಆ ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು.

ಪಕ್ಕದಿಂದ ಮಾತಿಲ್ಲವಲ್ಲ ಎಂದು ತಿರುಗಿ ನೋಡಿದರೆ ಅವಳು ನಿದ್ದೆ ಮಾಡುತ್ತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು, ತಲೆ ಸೀಟಿಗೆ ಒರಗಿತ್ತು. ಪೂರ್ತಿ ಕೂತಿದ್ದಳು. ನನ್ನ ಪಕ್ಕದಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ಯಾವ ಗಾಡಿಯಲ್ಲೂ ಅದುವರೆಗೆ ನೋಡಿರಲಿಲ್ಲ. ಹಾರ್ನ್ ಒತ್ತಲೂ ಮನಸ್ಸಾಗದೆ, ಒಂದು ಹಸುವಿನ ಹಿಂದೆ ಅದು ತಾನಾಗಿ ದಾರಿ ಬಿಡುವವರೆಗೂ ನಡೆಸಿಕೊಂಡು ಹೋದೆ.

ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಅವಳು ಕೀ ಕೇಳಿದಳು. "ನಿಮಗೂ ನಿದ್ದೆ ಬರ್ತಿದೆ. ಕೊಡಿ, ಉಳಿದ ದಾರಿ ನಾನು ಓಡಿಸ್ತೀನಿ." ಅವಳು ನಾಲ್ಕು ವರ್ಷದಿಂದ ಕಾರು ಓಡಿಸುತ್ತಾಳೆ. ಆಫೀಸಿಗೆ ಒಬ್ಬಳೇ ಹೋಗಿ ಬರುತ್ತಾಳೆ. ನಾನು ಜೊತೆಗಿದ್ದಾಗ ಮಾತ್ರ ಓಡಿಸಿರಲಿಲ್ಲ, ಏಕೆಂದರೆ ನಾನು ಬಿಟ್ಟಿರಲಿಲ್ಲ. ಅವತ್ತು ಕೊಟ್ಟೆ. ಪಕ್ಕದ ಸೀಟಿನಲ್ಲಿ ಹಾಯಾಗಿ ಕೂತು, ಬೆಲ್ಟ್ ಬಿಗಿದುಕೊಂಡು, ಕಾಲು ಚಾಚಿದೆ. ದೀಪ ಆರಿತು. ನೋಡು, ನಿರ್ಭಯವಾದ ಮನುಷ್ಯ ಕೂತರೆ ಹೀಗೆ ಎಂದುಕೊಂಡೆ.

ಅರ್ಧ ಗಂಟೆಯಲ್ಲಿ, ನಿಲ್ದಾಣ ನಿಲ್ದಾಣಕ್ಕೂ ನಿಂತು ಹೋಗುತ್ತಿದ್ದ ಅದೇ ಬಸ್ಸು ಮುಂದೆ ಕಾಣಿಸಿತು. ಹೆಂಡತಿ ಕನ್ನಡಿ ನೋಡಿದಳು, ಬಲಗಡೆಯ ಇಂಡಿಕೇಟರ್ ಹಾಕಿದಳು, ಹೊರಗೆ ತೆಗೆದಳು. ಬಸ್ಸಿನ ಉದ್ದ ನನಗೆ ಅಷ್ಟು ದಿನ ಸರಿಯಾಗಿ ಗೊತ್ತಿರಲಿಲ್ಲ. ಒಂದೇ ಒಂದು ಶಬ್ದ ಕೂಡ ನನ್ನ ಬಾಯಿಂದ ಬರಲಿಲ್ಲ ಎಂದು ಆಣೆ ಮಾಡಿ ಹೇಳುತ್ತೇನೆ.

ರೇಡಿಯೋದ ಮೇಲ್ಗಡೆ ಕಿತ್ತಳೆ ದೀಪ ಫಕ್ಕನೆ ಹತ್ತಿತು.

ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯದೆ, ಬಸ್ಸನ್ನು ದಾಟಿ, ಮತ್ತೆ ಎಡಕ್ಕೆ ಬಂದು, ಸಮಾಧಾನವಾಗಿ ಹೇಳಿದಳು: "ರೀ, ವೈರಿಂಗ್ ಸ್ವಲ್ಪ ನೋಡ್ತೀರಾ? ಇಲಿ ಇರಬಹುದು."